ಅರವತ್ನಾಲ್ಕರಲ್ಲಿ ಮೂವತ್ತೆರಡು

ಪ್ರೊಸೆಸರ್ ಕೂರಿಸುವಾಗ ನನ್ನ ಕೈ ನಡುಗಿ ಸಾಕೆಟ್ಟಿನ ಪಿನ್ನೊಂದು ಬಾಗಿರಬಹುದು. ಮದರ್‌ಬೋರ್ಡ್ ಕಾರ್ಖಾನೆಯಿಂದಲೇ ಕೆಟ್ಟು ಬಂದು, ಒಂದು ದಿನದ ಮಟ್ಟಿಗೆ ಸಭ್ಯನಂತೆ ನಟಿಸಿರಬಹುದು. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದು ಸತ್ತಿರಬಹುದು. ಸತ್ತಿರದಿದ್ದರೆ ಸ್ಲಾಟಿನಲ್ಲಿ ಸರಿಯಾಗಿ ಕೂತಿರಲಿಕ್ಕಿಲ್ಲ. ಕೂತಿದ್ದರೆ ಬೋರ್ಡಿಗೂ ಅದಕ್ಕೂ ಹೊಂದಾಣಿಕೆ ಇರಲಿಕ್ಕಿಲ್ಲ. ಹೊಂದುತ್ತದೆ ಎಂದು ಕಂಪನಿಯವರು ಬರೆದುಕೊಟ್ಟಿದ್ದಾರೆ ನಿಜ, ಆದರೆ ಮದುವೆ ಕೂಡಿಸುವವರೂ ಹಾಗೇ ಹೇಳುತ್ತಾರೆ. ಬಯೋಸ್ ಹಳೆಯದಿರಬಹುದು. ಹೊಸದಿದ್ದು ಅದೇ ತಪ್ಪಾಗಿರಬಹುದು. ಪವರ್ ಸಪ್ಲೈ ಎಲ್ಲಕ್ಕೂ ಸಾಕಾಗಿ ರ‍್ಯಾಮಿಗೆ ಮಾತ್ರ ಕೈಕೊಟ್ಟಿರಬಹುದು. ಆಟೋದವನು ಪುಣೆಯ ಬಿಬವೇವಾಡಿಯ ಒಂದೂ ಸ್ಪೀಡ್‌ಬ್ರೇಕರಿಗೆ ಮರ್ಯಾದೆ ಕೊಡದೆ ಬಂದದ್ದರಿಂದ ಬೋರ್ಡಿನೊಳಗೆ ಕಣ್ಣಿಗೆ ಕಾಣದ ಸೀಳು ಬಿಟ್ಟಿರಬಹುದು. ಈ ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇರಲಿಕ್ಕಿಲ್ಲ. ನನ್ನ ಟೆರಿಕಾಟ್ ಅಂಗಿಯ ಸ್ಥಿರ ವಿದ್ಯುತ್ತು ಒಂದು ಚಿಪ್ಪನ್ನು ಸುಟ್ಟಿರಬಹುದು. ಇರುವೆ ಹೊಕ್ಕಿರಬಹುದು. ಕೊನೆಯದಾಗಿ, ನನಗೆ ಐವತ್ತೆರಡಾಯಿತು. ಕಣ್ಣೇ ತಪ್ಪು ಓದುತ್ತಿರಬಹುದು.

ಒಂದು ಶುಕ್ರವಾರ ಮಧ್ಯಾಹ್ನ ಗಿರಾಕಿಯ ಮನೆಯ ಸೋಫಾದ ಮೇಲೆ ಕೂತು, ಹಳೆಯ ಬಿಲ್ಲೊಂದರ ಹಿಂಬದಿಗೆ ನಾನು ಬರೆದುಕೊಂಡ ಯಾದಿ ಇದು. ಯಾದಿ ಬರೆದರೆ ನನಗೆ ಸ್ವಲ್ಪ ಸಮಾಧಾನ. ಭಯಗಳಿಗೆಲ್ಲ ಒಂದೊಂದು ಕುರ್ಚಿ ಕೊಟ್ಟು ಕೂರಿಸಿದ ಹಾಗೆ.

ಆದದ್ದು ಇಷ್ಟು. ಹೊಸದಾಗಿ ಜೋಡಿಸಿದ ಕಂಪ್ಯೂಟರಿಗೆ ಮೂವತ್ತೆರಡು ಜಿಬಿಯ ಎರಡು ರ‍್ಯಾಮ್ ಪಟ್ಟಿ ಹಾಕಿದ್ದೆ. ಎರಡೂ ಸೇರಿ ಅರವತ್ನಾಲ್ಕು. ಗುರುವಾರ ಸಂಜೆ ನನ್ನ ಅಂಗಡಿಯಲ್ಲಿ ಅದು ಅರವತ್ನಾಲ್ಕು ಎಂದೇ ತೋರಿಸಿತ್ತು. ಮೂರು ಸಲ ನೋಡಿದ್ದೆ. ಮನೆಗೆ ಹೋಗಿ ನಂಬಿಕೆ ಸಾಲದೆ ಹೋದೀತೆಂದು ಪರದೆಯ ಫೋಟೋ ಕೂಡ ತೆಗೆದುಕೊಂಡಿದ್ದೆ. ಶುಕ್ರವಾರ ಬೆಳಿಗ್ಗೆ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಗಿರಾಕಿಯ ಮನೆಗೆ ತಂದೆ. ಅಲ್ಲಿ ಪೂಜೆಯಾಯಿತು, ಸ್ವಿಚ್ ಹಾಕಿದೆವು, ಪೇಢೆ ಬಾಯಿಗೆ ಬಂತು. ಪೇಢೆ ಗಂಟಲಲ್ಲಿರುವಾಗಲೇ ಗಿರಾಕಿ ಪರದೆಯ ಕಡೆ ಬೆರಳು ಮಾಡಿದಳು.

"ಕಾಕಾ, ಅರವತ್ನಾಲ್ಕು ಅಂದಿದ್ರಿ. ಇಲ್ಲಿ ಮೂವತ್ತೆರಡೇ ಅದ ಅಲ್ರಿ?"

ಆಕೆ ಬೆಳಗಾವಿ ಕಡೆಯವಳು, ಮೂವತ್ತೈದರ ಆಸುಪಾಸು. ಖರಾಡಿಯ ಒಂದು ಆಫೀಸಿನಲ್ಲಿದ್ದ ಕೆಲಸ ಬಿಟ್ಟು ಸ್ವಂತ ಕೆಲಸಕ್ಕಿಳಿದಿದ್ದಳು. ಆಕೆಯ ಕೆಲಸ ವಿಚಿತ್ರದ್ದು. ಹಳೆಯ ಕಟ್ಟಡಗಳ ಒಳಗೂ ಹೊರಗೂ ಸಾವಿರಾರು ಫೋಟೋ ತೆಗೆಯುತ್ತಾಳೆ. ಕಂಪ್ಯೂಟರು ಆ ಫೋಟೋಗಳನ್ನೆಲ್ಲ ಒಂದಕ್ಕೊಂದು ಹೊಲಿದು, ಕಟ್ಟಡದ ತದ್ರೂಪವನ್ನು ಪರದೆಯ ಮೇಲೆ ನಿಲ್ಲಿಸುತ್ತದೆ. ಮೌಸ್ ಹಿಡಿದು ಅದರೊಳಗೆ ಓಡಾಡಬಹುದು, ತೊಲೆಯ ಉದ್ದ ಅಳೆಯಬಹುದು. ಇಷ್ಟೆಲ್ಲ ಫೋಟೋಗಳನ್ನು ಒಮ್ಮೆಗೇ ಮಡಿಲಲ್ಲಿಟ್ಟುಕೊಂಡು ಹೊಲಿಯಲು ಕಂಪ್ಯೂಟರಿಗೆ ದೊಡ್ಡ ಮಡಿಲು ಬೇಕು. ಆ ಮಡಿಲೇ ರ‍್ಯಾಮ್.

ಸ್ವಂತಕ್ಕೆ ಸಿಕ್ಕ ಮೊದಲ ಕೆಲಸ ಹಳೆ ಪುಣೆಯ ಒಂದು ವಾಡೆಯದು. ಚೌಕಿ ಮನೆ, ಕಲ್ಲಿನ ಬುನಾದಿ, ಕೆತ್ತನೆಯ ಕಂಬಗಳು. ಅದನ್ನು ಸೋಮವಾರ ಬೆಳಿಗ್ಗೆಯಿಂದ ಕೆಡವುವವರಿದ್ದರು. ಕೆಡವುವ ಮೊದಲು ಅದರ ಪೂರ್ತಿ ದಾಖಲೆ ಬೇಕೆಂದು ವಾಡೆಯ ಮನೆತನದವರು ಆಕೆಗೆ ಒಪ್ಪಿಸಿದ್ದರು. ಫೋಟೋ ತೆಗೆದಾಗಿತ್ತು. ಆದರೆ ಎಲ್ಲ ಮೂಲೆಯೂ ಅದರಲ್ಲಿ ಬಂದಿದೆಯೋ ಇಲ್ಲವೋ ಎಂಬುದು ಕಂಪ್ಯೂಟರು ಹೊಲಿದು ಮುಗಿಸುವವರೆಗೆ ಗೊತ್ತಾಗುವುದಿಲ್ಲವಂತೆ. ಬಿಟ್ಟುಹೋದದ್ದು ಕಂಡರೆ ಭಾನುವಾರ ಬೆಳಕಿರುವಾಗ ಹೋಗಿ ಮತ್ತೆ ತೆಗೆಯಬಹುದು. ಸೋಮವಾರ ಕಂಡರೆ ತೆಗೆಯಲು ವಾಡೆ ಇರುವುದಿಲ್ಲ.

ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಹಚ್ಚಿ, ಎರಡು ಸಲವೂ ಅರ್ಧಕ್ಕೆ ನಿಂತ ಮೇಲೆ ನನ್ನ ಅಂಗಡಿಗೆ ಬಂದಿದ್ದಳು. ಎಷ್ಟು ರ‍್ಯಾಮ್ ಬೇಕು ಎಂದು ಕೇಳಿದವನು ನಾನು. ಅರವತ್ನಾಲ್ಕಕ್ಕೆ ಕಡಿಮೆಯಾದರೆ ಸಾಲದು ಎಂದು ಲೆಕ್ಕ ಹಾಕಿ ಹೇಳಿದವನೂ ನಾನೇ.

ಗಾಬರಿಯಾದಾಗ ನಾನು ಬಹಳ ಕ್ರಮಬದ್ಧನಾಗುತ್ತೇನೆ. ದೂರದಿಂದ ನೋಡಿದವರು ಇದನ್ನು ಅನುಭವ ಎಂದು ತಿಳಿಯುತ್ತಾರೆ.

ಮೊದಲು, ಸುಳ್ಳು ಹೇಳುತ್ತಿರುವವರು ಯಾರು ಎಂದು ನೋಡಬೇಕು. ವಿಂಡೋಸ್ ಕೆಲವೊಮ್ಮೆ ಇರುವ ರ‍್ಯಾಮನ್ನು ತಾನೇ ಮುಚ್ಚಿಟ್ಟುಕೊಳ್ಳುತ್ತದೆ. ಅದಕ್ಕೇ ಅದನ್ನು ಕೇಳದೆ ಬಯೋಸಿಗೆ ಹೋದೆ. ಬಯೋಸ್ ಎಂದರೆ ಯಂತ್ರ ಎಚ್ಚರವಾದ ಕೂಡಲೇ ತನ್ನ ಕೈಕಾಲು ಎಣಿಸಿಕೊಳ್ಳುವ ಜಾಗ. ಅಲ್ಲಿ ಎರಡು ಸಾಲು ಇತ್ತು. ಮೊದಲ ಸ್ಲಾಟು: ಮೂವತ್ತೆರಡು. ಎರಡನೆಯ ಸ್ಲಾಟು: ಖಾಲಿ. ಪಟ್ಟಿ ಕಣ್ಣೆದುರಿಗೆ ಕೂತಿದೆ, ಯಂತ್ರ ಖಾಲಿ ಎನ್ನುತ್ತಿದೆ.

ಎರಡನೆಯದು, ಪಟ್ಟಿಯೋ ಸ್ಲಾಟೋ ಎಂದು ಬೇರ್ಪಡಿಸುವುದು. ಕರೆಂಟು ತೆಗೆದು, ಎರಡೂ ಪಟ್ಟಿ ಕಿತ್ತು, ರಬ್ಬರಿನಿಂದ ಚಿನ್ನದ ಹಲ್ಲುಗಳನ್ನು ಉಜ್ಜಿ, ಅದಲುಬದಲು ಮಾಡಿ ಒತ್ತಿದೆ. ಕ್ಲಿಪ್ಪು ಟಕ್ಕೆಂದಿತು. ಮತ್ತೆ ಅದೇ: ಮೊದಲನೆಯದು ಮೂವತ್ತೆರಡು, ಎರಡನೆಯದು ಖಾಲಿ. ಅಂದರೆ ಪಟ್ಟಿಗಳೆರಡೂ ಬದುಕಿವೆ. ಒಂದೊಂದನ್ನೇ ಎರಡನೆಯ ಸ್ಲಾಟಿನಲ್ಲಿ ಮಾತ್ರ ಹಾಕಿ ನೋಡಿದೆ. ಫ್ಯಾನು ತಿರುಗಿತು, ಬೋರ್ಡಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ದೀಪವೊಂದು ಹತ್ತಿ ಹತ್ತಿಯೇ ಉಳಿಯಿತು. ನೆನಪಿಲ್ಲದೆ ಎದ್ದು ಕೂತವನಂತೆ ಯಂತ್ರ ಸುಮ್ಮನಿತ್ತು.

ನಾಲ್ಕು ಸ್ಲಾಟಿನ ಬೋರ್ಡಾಗಿದ್ದರೆ ಪಟ್ಟಿಯನ್ನು ಪಕ್ಕದ ಸ್ಲಾಟಿನ ಮನೆಗೆ ಕಳಿಸಿ ಹೇಗೋ ಸುಧಾರಿಸಬಹುದಿತ್ತು. ಇದು ಎರಡೇ ಸ್ಲಾಟಿನ ಪುಟ್ಟ ಬೋರ್ಡು. ಆಕೆಗೆ ಯಂತ್ರವನ್ನು ಕೆಲಸದ ಜಾಗಕ್ಕೆ ಹೊತ್ತುಕೊಂಡು ಹೋಗುವ ಅನುಕೂಲವಿರಲಿ ಎಂದು ಚಿಕ್ಕದನ್ನೇ ಆರಿಸಿದ್ದು ನನ್ನ ದೂರದೃಷ್ಟಿ.

ಮೂರನೆಯದು, ಸ್ಲಾಟಿನ ಒಳಗೆ ನೋಡುವುದು. ಟಾರ್ಚು ಹಿಡಿದು, ಕನ್ನಡಕ ಹಣೆಗೇರಿಸಿ ಬಗ್ಗಿದೆ. ಎರಡನೆಯ ಸ್ಲಾಟಿನ ತುದಿಯಲ್ಲಿ, ಕ್ಲಿಪ್ಪಿನ ಬುಡದಲ್ಲಿ, ಕೆಂಪಗೆ ಒಂದು ಚುಕ್ಕೆ.

ಕುಂಕುಮ.

ಆ ಕ್ಷಣ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಪೂಜೆ ಮಾಡಿದವರು ಗಿರಾಕಿಯ ಅತ್ತೆ. ಧಾರವಾಡದವರು, ಎಪ್ಪತ್ತು ದಾಟಿದವರು, ಸೊಸೆ ನೌಕರಿ ಬಿಟ್ಟಾಗ ಮನೆಯಲ್ಲಿ ಆಕೆಯ ಪರವಾಗಿ ಮಾತಾಡಿದವರು ಇವರೊಬ್ಬರೇ ಎಂದು ಆಮೇಲೆ ತಿಳಿಯಿತು. ಯಂತ್ರದ ನೆತ್ತಿಯ ಜಾಲರಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿದ್ದರು. ಜಾಲರಿಯ ತೂತಿನಿಂದ ಒಂದು ಹರಳು ಒಳಗೆ ಬಿದ್ದಿದೆ. ನಾನು ಅದನ್ನು ಹತ್ತಿಯಿಂದ ಒರೆಸಿ, ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಸಾಕ್ಷಿ ಹಾಜರುಪಡಿಸುವ ವಕೀಲನ ಗತ್ತಿನಲ್ಲಿ ಎಲ್ಲರಿಗೂ ತೋರಿಸಿದೆ. ಈ ಸೂಕ್ಷ್ಮ ಯಂತ್ರಗಳಿಗೆ ಪುಡಿಗಿಡಿ ಆಗುವುದಿಲ್ಲ ಎಂದು ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ.

ಅತ್ತೆಯವರು ಹತ್ತಿಯ ತುಣುಕನ್ನು ನೋಡಿದರು, ನನ್ನನ್ನು ನೋಡಿದರು.

"ಮಿಕ್ಸರಿಗೆ ಹಚ್ಚೇನಿ, ಫ್ರಿಜ್ಜಿಗೆ ಹಚ್ಚೇನಿ, ಮಗನ ಗಾಡಿಗೆ ಹಚ್ಚೇನಿ. ನನ್ನ ಕುಂಕುಮಕ್ಕ ಯಾವದೂ ಇಷ್ಟ ದಿನಾ ಅರ್ಧ ಆಗಿದ್ದಿಲ್ರಿ."

ನಾನು ಸ್ಪಿರಿಟ್ಟಿನಿಂದ ಸ್ಲಾಟನ್ನು ತೊಳೆದೆ, ಗಾಳಿ ಊದಿದೆ, ಪಟ್ಟಿ ಕೂರಿಸಿ ಸ್ವಿಚ್ ಹಾಕಿದೆ. ಮೂವತ್ತೆರಡು. ಚುಕ್ಕೆ ಇದ್ದದ್ದು ಪ್ಲಾಸ್ಟಿಕ್ಕಿನ ಮೇಲೆ. ತಾಮ್ರದ ಹತ್ತಿರವೂ ಹೋಗಿರಲಿಲ್ಲ. ಅತ್ತೆಯವರು ಆರತಿ ತಾಟು ಎತ್ತಿಕೊಂಡು ಒಳಗೆ ಹೋದರು. ಒಂದು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚಹಾ ಬಂತು, ಆದರೆ ಸೊಸೆಯ ಕೈಯಲ್ಲಿ ಬಂತು.

ಮೂವತ್ತೆರಡರಲ್ಲೇ ಒಮ್ಮೆ ಹಚ್ಚಿ ನೋಡೋಣ ಎಂದಳು ಗಿರಾಕಿ. ಹಚ್ಚಿದಳು. ಎರಡು ತಾಸು ಚೆನ್ನಾಗಿಯೇ ನಡೆಯಿತು. ಆಮೇಲೆ ಪರದೆಯ ನಡುವೆ ಒಂದು ಚೌಕ ಬಂದು, ಮೆಮೊರಿ ಸಾಲದು ಎಂದು ಹೇಳಿ, ಅಷ್ಟೂ ಹೊತ್ತಿನ ಹೊಲಿಗೆಯನ್ನು ಬಿಚ್ಚಿ ಎಸೆಯಿತು. ತುಂಡು ತುಂಡಾಗಿ ಮಾಡಲು ಬರುವುದಿಲ್ಲವೇ ಎಂದು ಕೇಳಿದೆ. ಬರುತ್ತದಂತೆ, ಆದರೆ ತುಂಡುಗಳನ್ನು ಕೂಡಿಸುವುದರೊಳಗೆ ಬುಧವಾರವಾಗುತ್ತದಂತೆ. ಹೇಳಿದ ದನಿ ಮೆತ್ತಗೇ ಇತ್ತು. ಮೆತ್ತಗಿನ ಗಿರಾಕಿಗಳೇ ನನಗೆ ಹೆಚ್ಚು ಭಯ.

ಸಂಜೆ ಐದರ ಸುಮಾರಿಗೆ, ನಾನು ಯಾವಾಗಲೂ ಕೊನೆಗೆಂದು ಉಳಿಸಿಕೊಳ್ಳುವ ಕೆಲಸಕ್ಕೆ ಕೈಹಾಕಿದೆ. ಕೂಲರ್ ಬಿಚ್ಚಿ, ಪ್ರೊಸೆಸರ್ ಎತ್ತಿ, ಸಾಕೆಟ್ಟನ್ನು ನೋಡುವುದು. ಕೂಲರ್ ಎಂದರೆ ಪ್ರೊಸೆಸರಿನ ಬೆನ್ನ ಮೇಲೆ ಕೂತು ಅದರ ಬಿಸಿ ಹೀರುವ ಲೋಹದ ದಿಮ್ಮಿ, ಜೊತೆಗೊಂದು ಫ್ಯಾನು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಅದರ ಕೆಳಗೆ ಪ್ರೊಸೆಸರು. ಪ್ರೊಸೆಸರಿನ ಕೆಳಗೆ ಸಾವಿರಕ್ಕೂ ಹೆಚ್ಚು ಪಿನ್ನುಗಳು, ಒಂದೊಂದೂ ಕಣ್ಣರೆಪ್ಪೆಯ ಕೂದಲಿಗಿಂತ ಸಣ್ಣ. ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ನೋಡಿದೆ. ಗಿರಾಕಿ ತನ್ನ ಕ್ಯಾಮೆರಾದ ದೊಡ್ಡ ಲೆನ್ಸು ತಂದು ಫೋಟೋ ತೆಗೆದು ಹಿಗ್ಗಿಸಿ ತೋರಿಸಿದಳು. ಎಲ್ಲ ಪಿನ್ನುಗಳೂ ಗದ್ದೆಯ ನಾಟಿಯಂತೆ ಒಂದೇ ಕಡೆ ಬಾಗಿ ನಿಂತಿದ್ದವು. ಒಂದೂ ತಪ್ಪಿರಲಿಲ್ಲ. ಮೊದಲಿನಂತೆ ಜೋಡಿಸಿದೆ. ಮೊದಲಿನಂತೆಯೇ ಮೂವತ್ತೆರಡು.

ಪಟ್ಟಿ ಸರಿ, ಸ್ಲಾಟು ಶುದ್ಧ, ಪಿನ್ನು ನೆಟ್ಟಗೆ. ಹಾಗಾದರೆ ಬೋರ್ಡೇ ಹೋಗಿರಬೇಕು. ಬೋರ್ಡು ಕೊಟ್ಟ ಸಗಟು ವ್ಯಾಪಾರಿಗೆ ಫೋನು ಮಾಡಿದೆ. ನಮ್ಮದು ಹದಿನೈದು ವರ್ಷದ ಮರಾಠಿ ಸ್ನೇಹ. ಪೂರ್ತಿ ಕೇಳುವ ಮೊದಲೇ "ಬೋರ್ಡ್ ಗೇಲಾ, ಸೋಮವಾರೀ ಘೇಊನ್ ಯಾ" ಎಂದ. ಬೋರ್ಡು ಹೋಯಿತು, ಸೋಮವಾರ ತೆಗೆದುಕೊಂಡು ಬನ್ನಿ. ಸೋಮವಾರ ಅಲ್ಲಿ ಪಿಕಾಸಿಗಳು ಎದ್ದಿರುತ್ತವೆ ಎಂದು ಅವನಿಗೆ ಹೇಗೆ ಹೇಳಲಿ. ಅದೇ ಬೋರ್ಡು ಮಗರಪಟ್ಟಾದ ಒಂದು ಅಂಗಡಿಯಲ್ಲಿ ಒಂದೇ ಒಂದು ಇದೆ, ಶನಿವಾರ ಹನ್ನೊಂದಕ್ಕೆ ತೆರೆಯುತ್ತಾರೆ ಎಂದು ಅವನೇ ತಿಳಿಸಿದ.

ಮನೆಗೆ ಬಂದು ತಾಟಿನ ಮುಂದೆ ಕೂತು ರೊಟ್ಟಿಯನ್ನು ನೋಡುತ್ತಿದ್ದೆ. ಹೊಸ ಬೋರ್ಡಿನಲ್ಲೂ ಹೀಗೇ ಆದರೆ, ಅದೇ ಬ್ಯಾಚಿನದಾದರೆ, ಬದಲಾಯಿಸುವಾಗ ಈ ಸಲ ನಿಜವಾಗಿಯೂ ಪಿನ್ನು ಬಾಗಿದರೆ. ಹೆಂಡತಿ ಎಲ್ಲ ಕೇಳಿ, "ಮೊದಲ ಉಣ್ರಿ. ಅಲ್ಲೀತನಕಾ ಚಿಂತಿ ನಾ ಮಾಡ್ತಿರ್ತೇನಿ" ಎಂದಳು. ಒಪ್ಪಿಸುವುದು ಕಷ್ಟವಾಯಿತು. ಅವಳು ಮಾಡುವ ಚಿಂತೆಯಲ್ಲಿ ಏನಾದರೂ ಬಿಟ್ಟುಹೋದೀತು ಎಂದು.

ಶನಿವಾರ ಒಂಬತ್ತೂವರೆಗೆ ಗಿರಾಕಿಯ ಮನೆ ಮುಟ್ಟಿದೆ. ಉಪಾಯ ಸ್ಪಷ್ಟವಿತ್ತು: ಹಳೆಯ ಬೋರ್ಡು ಬಿಚ್ಚಿ ಸಿದ್ಧವಾಗಿಟ್ಟುಕೊಳ್ಳುವುದು, ಹನ್ನೊಂದಕ್ಕೆ ಮಗರಪಟ್ಟಾ, ಹೊಸದು ತಂದು ಮಧ್ಯಾಹ್ನದೊಳಗೆ ಜೋಡಿಸುವುದು. ಹೊಲಿಗೆಗೆ ಆರು ತಾಸು ಬೇಕು. ಎರಡು ಗಂಟೆಗೆ ಹಚ್ಚಿದರೂ ರಾತ್ರಿಯ ಊಟದ ಹೊತ್ತಿಗೆ ಮುಗಿಯುತ್ತದೆ, ಭಾನುವಾರ ಇಡೀ ದಿನ ಕೈಯಲ್ಲಿರುತ್ತದೆ. ಬೋರ್ಡು ಬದಲಾದರೆ ವಿಂಡೋಸ್ ತಕರಾರು ಮಾಡೀತು, ಮಾಡಲಿ.

ಸ್ಕ್ರೂಡ್ರೈವರ್ ತೆಗೆದು ಕೂತಾಗ ಗಿರಾಕಿ ಒಂದು ಪ್ರಶ್ನೆ ಕೇಳಿದಳು. ಗುರುವಾರ ಅರವತ್ನಾಲ್ಕು ತೋರಿಸಿದ ಬೋರ್ಡು ಇದೇ ಅಲ್ಲವೇ. ಹೌದು ಎಂದೆ. ಆಮೇಲೆ ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಹೇಳಬೇಕು.

"ನಮ್ಮ ಮಾಡೆಲ್‌ನಾಗ ಎಲ್ಲೆರೆ ತೂತು ಬಿತ್ತಂದ್ರ ನಾವು ಕ್ಯಾಮೆರಾ ಬದಲಿ ಮಾಡೂದಿಲ್ಲ, ಕಾಕಾ. ಮೊದಲನೇ ಫೋಟೋ ತಗದ ಜಾಗಾದಿಂದ ನಡಕೋತ ಬರ್ತೀವಿ. ಎಲ್ಲಿ ಹೆಜ್ಜಿ ತಪ್ಪೇತಿ ಅಂತ ಅಲ್ಲೇ ಗೊತ್ತಾಗ್ತದ. ಒಂದು ಸಲಾ ಹಂಗ ಮಾಡೂಣೇನ್ರಿ?"

ನನಗೆ ಹೊತ್ತಿನ ಲೆಕ್ಕ. ಒಂದು ಕೈಯಲ್ಲಿ ಸ್ಕೂಟರಿನ ಕೀಲಿ, ಒಂದು ಕೈಯಲ್ಲಿ ಸ್ಕ್ರೂಡ್ರೈವರು. ಆದರೆ ಬೋರ್ಡು ಬಿಚ್ಚಿದ ಮೇಲೆ ಈ ಪ್ರಶ್ನೆಗೆ ಉತ್ತರ ಎಂದೂ ಸಿಗುವುದಿಲ್ಲ ಎಂಬುದೂ ತಲೆಗೆ ಹೊಕ್ಕಿತು. ಉತ್ತರ ಗೊತ್ತಿಲ್ಲದೆ ತಂದ ಹೊಸ ಬೋರ್ಡಿಗೆ ನಾನು ಅದನ್ನೇ ಮತ್ತೆ ಮಾಡಲಿಕ್ಕಿಲ್ಲ ಎಂದು ಏನು ಗ್ಯಾರಂಟಿ. ಕೀಲಿಯನ್ನು ಕಿಸೆಗೆ ಹಾಕಿದೆ. ಆ ಎರಡು ದಿನಗಳಲ್ಲಿ ನಾನು ಮಾಡಿದ ಒಂದೇ ಜಾಣತನದ ಕೆಲಸ ಅದು, ಅದೂ ಇನ್ನೊಬ್ಬರ ಸಲಹೆ.

ಹೇಳಲು ಶುರು ಮಾಡಿದೆ. ಗುರುವಾರ ಏಳಕ್ಕೆ ಅರವತ್ನಾಲ್ಕು. ಆಫ್ ಮಾಡಿದೆ. ಪೆಟ್ಟಿಗೆಗೆ ಹಾಕಿ ಥರ್ಮಾಕೋಲು ತುಂಬಿದೆ. ಶುಕ್ರವಾರ ಆಟೋ. ಇಲ್ಲಿ ತಂದು ಮೇಜಿನ ಮೇಲಿಟ್ಟೆ. ಪಕ್ಕದ ಗಾಜು ತೆಗೆದು, ದಾರಿಯಲ್ಲಿ ಏನಾದರೂ ಸಡಿಲಾಗಿದೆಯೇ ಎಂದು ನೋಡಿದೆ, ಮುಚ್ಚಿದೆ. ಪೂಜೆ. ಸ್ವಿಚ್.

ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಿನ್ನೆಯಿಂದ ನನ್ನ ಜೊತೆ ಮಾತಾಡಿರಲಿಲ್ಲ.

"ನಡುವ ಒಂದು ಬಿಟ್ರಿ ನೀವು" ಎಂದರು.

ಏನು ಎಂದು ಕೇಳಿದೆ.

"ಗಾಜು ತಗದು ಬರೇ ನೋಡಿದ್ರೇನು? ಆ ಪಂಖಾದ ನಾಕೂ ಮೂಲಿ ತಿರುವಿದ್ರೆಲ್ಲ, ಹಲ್ಲು ಕಚ್ಚಿಕೊಂಡು. ನಾ ಆರತಿ ತಾಟು ಹಿಡಕೊಂಡು ನಿಂತಿದ್ದೆ, ಇವರದು ಯಾವಾಗ ಮುಗೀತದಪಾ ಅಂತ. ದೀಪಾ ಎರಡು ಸಲಾ ಹಚ್ಚೇನಿ."

ಓದುಗರಿಂದ ನಾನು ಇದನ್ನು ಮುಚ್ಚಿಟ್ಟೆ ಎಂದು ತಿಳಿಯಬಾರದು. ನನ್ನಿಂದಲೇ ಅದು ಮುಚ್ಚಿಹೋಗಿತ್ತು. ಬಿಗಿ ಮಾಡುವುದು ನನ್ನ ಮಟ್ಟಿಗೆ ಕೆಲಸವಲ್ಲ. ಕೆಮ್ಮಿದ ಹಾಗೆ, ಕನ್ನಡಕ ಒರೆಸಿದ ಹಾಗೆ. ಗ್ಯಾಸಿನ ರೆಗ್ಯುಲೇಟರ್ ದಾಟುವಾಗೊಮ್ಮೆ ತಿರುವುತ್ತೇನೆ. ನಮ್ಮ ಮನೆಯ ನಳಗಳ ವಾಷರು ವರ್ಷಕ್ಕೆ ಎರಡು ಸಲ ಬದಲಾಗುತ್ತವೆ, ಹೆಂಡತಿ ಉಪ್ಪಿನಕಾಯಿ ಬಾಟಲಿಯನ್ನು ನನ್ನ ಕೈಗೆ ಸಿಗದ ಕಡೆ ಇಡುತ್ತಾಳೆ. ಬಿಗಿಯಾಗಿರುವುದನ್ನು ಇನ್ನೊಂದು ಸಲ ಬಿಗಿಯದೆ ಗಿರಾಕಿಗೆ ಒಪ್ಪಿಸಿದ ಯಂತ್ರ ನನ್ನ ಅಂಗಡಿಯಿಂದ ಹೋಗಿಲ್ಲ. ಶುಕ್ರವಾರ ಆಟೋದ ಕುಲುಕಾಟಕ್ಕೆ ಹೆದರಿ ನಾಲ್ಕೂ ಸ್ಕ್ರೂಗಳನ್ನು ತಿರುವಿದ್ದೆ. ಸಂಜೆ ಪಿನ್ನು ನೋಡಿ ಮತ್ತೆ ಜೋಡಿಸುವಾಗ, ಇನ್ನೂ ಹೆದರಿದ್ದೆನಾದ್ದರಿಂದ, ಇನ್ನೂ ಬಿಗಿಯಾಗಿ ತಿರುವಿರಬೇಕು.

ಇದರಿಂದ ಏನಾಗುತ್ತದೆ ಎಂದು ನಾನು ಓದಿದ್ದೆ. ಬೇರೆ ಅಂಗಡಿಯವರಿಗೆ ಹೇಳಿಯೂ ಇದ್ದೆ. ಕೂಲರಿನ ಒಂದು ಮೂಲೆ ಅತಿಯಾಗಿ ಅದುಮಿದರೆ ಬೋರ್ಡು ಕೂದಲೆಳೆಯಷ್ಟು ಬಾಗುತ್ತದೆ. ಆಗ ಪ್ರೊಸೆಸರು ವಾಲಿ, ಎದುರು ಮೂಲೆಯ ಕೆಲವು ಪಿನ್ನುಗಳಿಗೆ ತಾಗುವುದೇ ಇಲ್ಲ. ಎರಡನೆಯ ಸ್ಲಾಟಿನ ದಾರಿ ಆ ಪಿನ್ನುಗಳ ಮೂಲಕವೇ ಹೋಗುತ್ತಿದ್ದರೆ ಅಷ್ಟು ರ‍್ಯಾಮ್ ಯಂತ್ರಕ್ಕೆ ಇಲ್ಲವೇ ಇಲ್ಲ. ಉಳಿದದ್ದೆಲ್ಲ ಚೆನ್ನಾಗಿ ನಡೆಯುತ್ತದೆ. ಬಿಚ್ಚಿ ನೋಡಿದರೆ ಪಿನ್ನು ನೆಟ್ಟಗಿರುತ್ತವೆ, ಯಾಕೆಂದರೆ ಬಿಚ್ಚಿದ ಕೂಡಲೇ ಅದುಮುವುದು ನಿಂತಿರುತ್ತದೆ.

ಹೇಳಿದೆ. ಯಾರೂ ನಗಲಿಲ್ಲ. ಗಿರಾಕಿ ಸಣ್ಣ ಮೊನೆಯ ಪೆನ್ನು ತಂದಳು. ಪ್ರತಿ ಸ್ಕ್ರೂವಿನ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಒಂದೊಂದು ಗೆರೆ ಎಳೆದೆವು, ಎಷ್ಟು ತಿರುಗಿತೆಂದು ಗೊತ್ತಾಗಲು. ಕರೆಂಟು ತೆಗೆದು ಎಡಗಡೆ ಕೆಳಗಿನದನ್ನು ಅರ್ಧ ಸುತ್ತು ಸಡಿಲಿಸಿದೆ. ಸ್ವಿಚ್: ಮೂವತ್ತೆರಡು. ಬಲಗಡೆ ಕೆಳಗಿನದು, ಅರ್ಧ ಸುತ್ತು: ಮೂವತ್ತೆರಡು. ಅತ್ತೆಯವರು ಬಾಗಿಲಿನಿಂದ ಕುರ್ಚಿಗೆ ಬಂದಿದ್ದರು.

ಮೂರನೆಯ ಸ್ಕ್ರೂ, ಬಲಗಡೆ ಮೇಲಿನದು, ತಿರುವುವಾಗ ಕೀರ್ ಎಂಬ ಸಣ್ಣ ಸದ್ದು ಬಂತು. ಕೈಗೆ ಬಂದದ್ದೋ ಕಿವಿಗೆ ಬಂದದ್ದೋ ಹೇಳಲಾರೆ. ಅರ್ಧ ಸುತ್ತಿಗೆ ನಿಲ್ಲಿಸಿ ಸ್ವಿಚ್ ಹಾಕಿದೆ.

ಪರದೆ ಕಪ್ಪಗಿತ್ತು. ಕಿತ್ತಳೆ ದೀಪ ಹತ್ತಿತು. ನಿನ್ನೆಯಿಂದ ಅರ್ಧವಾದರೂ ಇತ್ತು, ಈಗ ಅದೂ ಹೋಯಿತು ಎಂದುಕೊಂಡೆ. ಹೊಸ ರ‍್ಯಾಮ್ ಕಂಡಾಗ ಬೋರ್ಡು ಅದನ್ನು ಪರಿಚಯ ಮಾಡಿಕೊಳ್ಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ ಎಂಬುದು ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದು ಆ ಹೊತ್ತಿಗೆ ಯಾವ ಉಪಕಾರಕ್ಕೂ ಬರಲಿಲ್ಲ. ಸ್ವಿಚ್ಚಿನ ಮೇಲೆ ನನ್ನ ಬೆರಳು ಹೋಗಿಯೇ ಬಿಟ್ಟಿತ್ತು. ಅತ್ತೆಯವರು ಸೆರಗಿನೊಳಗಿನಿಂದ ಕೈ ತೆಗೆದು ನನ್ನ ಮಣಿಕಟ್ಟು ಹಿಡಿದರು.

"ತಡೀರಿ. ಏನೂ ಮಾಡಬ್ಯಾಡ್ರಿ."

ಏನೂ ಮಾಡದೆ ನಿಂತೆ. ದೀಪ ಆರಿತು. ಪರದೆ ಬೆಳಗಿತು. ಮೊದಲ ಸ್ಲಾಟು ಮೂವತ್ತೆರಡು, ಎರಡನೆಯ ಸ್ಲಾಟು ಮೂವತ್ತೆರಡು. ಕೆಳಗೆ ಒಟ್ಟು ಅರವತ್ನಾಲ್ಕು.

ಗಿರಾಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಮುಖವನ್ನು ಎರಡೂ ಅಂಗೈಯಿಂದ ಒಮ್ಮೆ ಒರೆಸಿಕೊಂಡಳು. ನಾನು ಮೊದಲೆರಡು ಸ್ಕ್ರೂಗಳನ್ನು ಅವುಗಳ ಗೆರೆಗೆ ಸರಿಯಾಗಿ ವಾಪಸು ತಿರುವಿ ನೋಡಿದೆ, ಅರವತ್ನಾಲ್ಕು ಅಲುಗಲಿಲ್ಲ. ಹಾಗಾದರೆ ಅಪರಾಧಿ ಮೂರನೆಯದೊಂದೇ. ಕ್ರಮದ ಪ್ರಕಾರ ಅದನ್ನೂ ಮತ್ತೆ ಬಿಗಿ ಮಾಡಿ, ಮೂವತ್ತೆರಡು ಬರುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು ಎಂದೆ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಬೇಡವೆಂದರು. ಆ ಮನೆಯಲ್ಲಿ ಅವರಿಬ್ಬರ ಒಮ್ಮತದ ವಿರುದ್ಧ ಹೋದವರು ಯಾರೂ ಇರಲಿಕ್ಕಿಲ್ಲ.

ಹತ್ತೂಮುಕ್ಕಾಲಿಗೆ ವಾಡೆಯ ಹೊಲಿಗೆ ಶುರುವಾಯಿತು. ನನಗೆ ಮನೆಗೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ, ಹೋಗಲಿಲ್ಲ. ಸ್ಕ್ರೂ ಸಡಿಲವಾಯಿತಲ್ಲ, ಪ್ರೊಸೆಸರ್ ಬಿಸಿಯಾದರೆ. ಪರದೆಯ ಮೂಲೆಯಲ್ಲಿ ಉಷ್ಣತೆಯ ಅಂಕಿ ಇಟ್ಟುಕೊಂಡು ಕಾದೆ. ಅದು ಎಪ್ಪತ್ತರ ಆಚೀಚೆ ನಿಶ್ಚಿಂತೆಯಿಂದ ಓಡಾಡುತ್ತಿತ್ತು. ನಿನ್ನೆ ನಿಂತ ಜಾಗಕ್ಕೆ ಬಂದಾಗ ರ‍್ಯಾಮಿನ ಗೆರೆ ಮೂವತ್ತೆರಡನ್ನು ದಾಟಿ, ನಲವತ್ತು ದಾಟಿ, ಐವತ್ತೊಂದರಲ್ಲಿ ಮಟ್ಟಸವಾಯಿತು. ಅತ್ತೆಯವರು ಉಪ್ಪಿಟ್ಟು ತಂದಿಟ್ಟರು. ಅವರ ಕೈಯಿಂದಲೇ. ನಾನು ನಿನ್ನೆಯ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದೆ. ಆರಿಹೋಗುತ್ತದೆ, ಮೊದಲು ತಿನ್ನಿ ಎಂದರು.

ಐದು ಗಂಟೆಗೆ ವಾಡೆ ಪರದೆಯ ಮೇಲೆ ನಿಂತಿತು. ಚೌಕ, ಪಡಸಾಲೆ, ತೊಲೆಗಳ ತುದಿಯ ಗಿಳಿಗಳು, ಯಾರೋ ಗೋಡೆಗೆ ಹೊಡೆದ ಮೊಳೆ ಕೂಡ. ಆಕೆ ಮೌಸ್ ಹಿಡಿದು ಒಳಗೆ ನಡೆಯುತ್ತ ಹೋದಳು. ಮಹಡಿಯ ಮೆಟ್ಟಿಲಿನ ಕೆಳಗೆ ಬಂದಾಗ ನೆಲವೇ ಇರಲಿಲ್ಲ, ಬೂದುಬಣ್ಣದ ದೊಡ್ಡ ತೂತು. ಹಿತ್ತಿಲ ಕೋಣೆಯ ಒಂದು ಗೂಡು ಅರ್ಧವೇ ಬಂದಿತ್ತು. ಎರಡನ್ನೂ ಬರೆದುಕೊಂಡಳು. ತನ್ನ ತಪ್ಪು ಸಿಕ್ಕಿಬಿದ್ದದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ.

ಭಾನುವಾರ ಬೆಳಿಗ್ಗೆ ಆಕೆಯ ಜೊತೆ ನಾನೂ ಹೋದೆ, ದೀಪ ಹಿಡಿಯಲು ಒಬ್ಬರು ಬೇಕೆಂಬ ನೆಪ. ಮೆಟ್ಟಿಲ ಕೆಳಗೆ ಹಳೆಯ ಬೀಸುವ ಕಲ್ಲಿತ್ತು, ಮನೆಯವರೇ ಮರೆತದ್ದು. ಬಾಗಿಲ ಚೌಕಟ್ಟುಗಳಿಗೆ ಆಗಲೇ ಸುಣ್ಣದಿಂದ ನಂಬರು ಬರೆದಿದ್ದರು. ಎರಡು ತಾಸು ದೀಪವನ್ನು ಅಲ್ಲಿ ಇಲ್ಲಿ ಎತ್ತಿ ಹಿಡಿದೆ. ತೋಳು ಸೋತರೂ ಮನಸ್ಸಿಗೆ ವಿಚಿತ್ರವಾದ ಹಗುರ. ಮಧ್ಯಾಹ್ನ ಹೊಸ ಫೋಟೋಗಳನ್ನು ಸೇರಿಸಿ ಮತ್ತೆ ಹೊಲಿದಾಗ ಮೆಟ್ಟಿಲ ಕೆಳಗೆ ನೆಲ ಬಂತು, ನೆ‌ಲದ ಮೇಲೆ ಬೀಸುವ ಕಲ್ಲೂ ಬಂತು. ವಾಡೆ ಪೂರ್ತಿಯಾಯಿತು, ಇನ್ನೂ ನಿಂತಿರುವಾಗಲೇ.

ಸಂಜೆ ಕೂಲರನ್ನು ಬಿಚ್ಚಿ, ಬಿಸಿ ದಾಟಿಸುವ ಹೊಸ ಪೇಸ್ಟು ಹಚ್ಚಿ, ಅಡ್ಡಡ್ಡ ಮೂಲೆಗಳ ಕ್ರಮದಲ್ಲಿ ನಾಲ್ಕೂ ಸ್ಕ್ರೂಗಳನ್ನು ತಿರುವಿ, ನಿಲ್ಲಬೇಕಾದಲ್ಲಿ ನಿಲ್ಲಿಸಿದೆ. ಅತ್ತೆಯವರು ಪಕ್ಕದಲ್ಲಿ ನಿಂತಿದ್ದರು, ಆದ್ದರಿಂದ ನಿಲ್ಲಿಸಿದೆ. ಅರವತ್ನಾಲ್ಕು.

ಹೊರಡುವ ಮುಂಚೆ ಕೆಲಸದ ಚೀಟಿ ತುಂಬಬೇಕು. ಏನು ದೋಷ, ಏನು ಮಾಡಿದೆ ಎಂದು ಬರೆದು ಒಂದು ಪ್ರತಿ ಗಿರಾಕಿಗೆ ಕೊಡುವುದು ನನ್ನ ಅಂಗಡಿಯ ಪದ್ಧತಿ. ದೋಷದ ಎದುರಿಗೆ ನನ್ನ ಪೆನ್ನು ತಾನಾಗಿಯೇ, ಇಂಗ್ಲಿಷಿನಲ್ಲಿ, ಸಾಗಣೆಯಲ್ಲಿ ಉಂಟಾದ ಕುಲುಕಾಟ ಎಂದು ಬರೆಯತೊಡಗಿತ್ತು. ಆಟೋದವನು ಬಂದು ಅಲ್ಲವೆನ್ನುವಂತಿರಲಿಲ್ಲ.

"ಕನ್ನಡದಾಗ ಬರೀರಿ" ಎಂದರು ಅತ್ತೆಯವರು, ಕನ್ನಡಕ ಹಾಕಿಕೊಳ್ಳುತ್ತ. "ನಾನೂ ಓದಬೇಕಲ್ಲ."

ಆ ಚೀಟಿ ಹರಿದು ಹೊಸದು ತೆಗೆದೆ. ಅವರು ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆದೆ: ಕೂಲರಿನ ಬಲಗಡೆ ಮೇಲಿನ ಸ್ಕ್ರೂ, ನನ್ನ ಕೈಯಿಂದ, ಅರ್ಧ ಸುತ್ತು ಹೆಚ್ಚು.